ಎಂಟನೇ ನಂಬರಿನ ಗಾಡಿ

ನನ್ನ ಮೂವತ್ತು ವರ್ಷದ ಗೆಳೆಯನ ಬಲಗೈ ಬೆರಳುಗಳನ್ನು ಮುರಿದವನು ನಾನೇ. ಜಗಳ ಬಿಡಿಸಲು ಹೋಗಿ ತಗುಲಿದ್ದಲ್ಲ, ಕೈತಪ್ಪಿ ಬಿದ್ದದ್ದೂ ಅಲ್ಲ. ದಪ್ಪ ಸ್ಪ್ಯಾನರ್ ಎತ್ತಿ, ಕಣ್ಣಾರೆ ನೋಡಿಕೊಂಡೇ ಬಾರಿಸಿದೆ. ಅವನು ಗುಂಡ್ಲುಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು, ಆ ಕೈಯೇ ಅವನ ಅನ್ನ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಒಳ್ಳೆಯವನೆಂದು ತಿಳಿಯುವುದು ಬೇಡ.

ನಾನು ಚಾಮರಾಜನಗರದಲ್ಲಿ ಬೈಕ್ ಮೆಕ್ಯಾನಿಕ್. ಹಿಂದೆ ಮೋಟಾರ್ ಸೈಕಲ್ ಕಾರ್ಖಾನೆಗಳವರು ಕಲ್ಲು, ಕೊರಕಲು, ಹಳ್ಳ ದಾಟುವ ಸ್ಪರ್ಧೆಗೆಂದೇ ನಾಲ್ಕೈದು ಗಾಡಿಗಳನ್ನು ಬೇರೆ ಮಾಡಿಸುತ್ತಿದ್ದರು. ಮೇಲ್ನೋಟಕ್ಕೆ ಅಂಗಡಿಯಲ್ಲಿ ಸಿಗುವ ಗಾಡಿಯೇ. ಆದರೆ ಗಾಡಿಯ ಚೌಕಟ್ಟಿಗೆ, ಅದೇ ಚಾಸಿಗೆ, ಹೆಚ್ಚುವರಿ ಪಟ್ಟಿ ಬೆಸೆದಿರುತ್ತಾರೆ, ತೂಕ ಇಳಿಸಲು ಅಲ್ಲಲ್ಲಿ ತೂತು ಕೊರೆದಿರುತ್ತಾರೆ, ನೀರು ನುಗ್ಗದಂತೆ ಸೈಲೆನ್ಸರನ್ನು ಮೇಲೆತ್ತಿರುತ್ತಾರೆ. ಹಳೇ ಸ್ಪರ್ಧೆಯ ಫೋಟೊ ಕೊಟ್ಟರೆ ಇವನ್ನೆಲ್ಲ ಹುಡುಕಿ, ಇದು ಕಾರ್ಖಾನೆಯದೇ, ಇದು ಆಮೇಲೆ ಯಾರೋ ವೇಷ ಹಾಕಿಸಿದ್ದು ಎಂದು ನಾನು ಹೇಳುತ್ತೇನೆ. ಮೈಸೂರು, ಊಟಿಯಿಂದೆಲ್ಲ ಜನ ಫೋಟೊ ಕಳಿಸುತ್ತಾರೆ. ಅದರ ಕೊಬ್ಬು ನನಗೆ ಚೆನ್ನಾಗಿಯೇ ಏರಿತ್ತು.

ಗೆಳೆಯನ ಅಪ್ಪ ಪ್ರಾಯದಲ್ಲಿ ಅಂಥ ಒಂದು ಕಾರ್ಖಾನೆಯ ಸವಾರರಾಗಿದ್ದರಂತೆ. ಕೆಲಸ ಬಿಡುವಾಗ ತಾವು ಓಡಿಸಿದ ಗಾಡಿಯನ್ನೇ ಕಾರ್ಖಾನೆಯವರು ಕೊಟ್ಟು ಕಳಿಸಿದರು ಎನ್ನುತ್ತಿದ್ದರು. ಪೇಟೆಯಲ್ಲಿ ಯಾರೂ ನಂಬಲಿಲ್ಲ. “ಬಂದ್ರು ನೋಡ್ರಪ್ಪ ರೇಸ್ ಸಾಬ್ರು” ಎಂದು ಆಡಿಕೊಂಡರು. ಒಂದು ದಿನ ಟೀ ಅಂಗಡಿಯಲ್ಲಿ ಒಬ್ಬ “ಕದ್ದ ಮಾಲು ಕಣ್ರೋ ಅದು” ಎಂದಾಗ, ಈ ಮನುಷ್ಯ ಕೈಯಲ್ಲಿದ್ದ ಗಾಜಿನ ಲೋಟವನ್ನು ಅವನ ಕೆನ್ನೆಗೇ ಒಡೆದರು. ಅವನ ಕಡೆಯವರು ಇವರನ್ನು ರಸ್ತೆಯಲ್ಲಿ ಕೆಡವಿ, ಹೆಂಡತಿಯ ಕಣ್ಣೆದುರೇ ಎದೆ ತುಳಿದರು. ಅವತ್ತು ಗಾಡಿಯ ಮೇಲೆ ಟಾರ್ಪಾಲು ಹೊದಿಸಿ ಕಟ್ಟಿದ ಗೆಳೆಯನ ಅಪ್ಪ ಮತ್ತೆ ಅದರ ಮಾತೆತ್ತಲಿಲ್ಲ. ಹಾಗೇ ತೀರಿಕೊಂಡರು.

ಮಗನಿಗೆ ಒಂದೇ ಹಟ. ಅಪ್ಪ ಸುಳ್ಳುಗಾರನಲ್ಲ ಎಂದು ಊರ ಬಾಯಲ್ಲೇ ಹೇಳಿಸಬೇಕು. ಹೋದ ವರ್ಷ ಮನೆಯ ಟ್ರಂಕಿನಲ್ಲಿ ಒಂದು ನೆಗೆಟಿವ್ ಸಿಕ್ಕಿ, ಮೊದಲ ಬಸ್ಸಿಗೇ ನನ್ನ ಹತ್ತಿರ ಓಡಿ ಬಂದ. ಈಗ ಎಲ್ಲರೂ ಮಾಡುವಂತೆ ನಾನು ಒಂದು ಮೊಬೈಲಿನ ಬಿಳಿ ಪರದೆಯ ಮೇಲೆ ನೆಗೆಟಿವ್ ಇಟ್ಟು, ಇನ್ನೊಂದರಲ್ಲಿ ಫೋಟೊ ಹೊಡೆದು, ಕಪ್ಪನ್ನು ಬಿಳುಪು ಮಾಡಿದೆ. ಹಳ್ಳ ಸೀಳಿಕೊಂಡು ಬರುತ್ತಿರುವ ಗಾಡಿ, ಅದರ ತಗಡಿನ ಮೇಲೆ 8 ಎಂಬ ನಂಬರು, ಅವನ ಅಪ್ಪನ ಮುಖ. ಎಂಜಿನ್, ಚೈನು ಎಲ್ಲ ಎರಚುವ ನೀರಲ್ಲಿ ಮುಚ್ಚಿಹೋಗಿತ್ತು. ಮೇಲೆತ್ತಿದ ಸೈಲೆನ್ಸರ್ ಮಾತ್ರ ಸ್ಪಷ್ಟವಾಗಿತ್ತು.

“ನಮ್ಮಪ್ಪ ಕಣ್ಲಾ!” ಎಂದು ನನ್ನ ಕತ್ತು ತಬ್ಬಿಕೊಂಡು ಗೊಳೋ ಎಂದು ಅತ್ತ. “ಗಾಡೀನೂ ಇದೇಯ ಅಂತ ನಾಕು ಜನದ ಮುಂದೆ ನೀನೊಂದು ಮಾತು ಏಳ್ಬುಡು. ಅಷ್ಟೇ ಸಾಕು.”

ಮುಂದಿನ ಭಾನುವಾರ ಅವನ ಶೆಡ್ಡಿನಲ್ಲಿ ಜನ ಸೇರಿದರು. ಬಂಡೀಪುರ ದಾಟಿ ಊಟಿ ಕಡೆಯ ಹಳೇ ಗಾಡಿಯ ಹುಚ್ಚರೂ ಬಂದಿದ್ದರು. ಟಾರ್ಪಾಲು ಬಿಚ್ಚಿದೆ. ಹೆಚ್ಚುವರಿ ಪಟ್ಟಿ ಇತ್ತು, ತೂತುಗಳಿದ್ದವು. ಸೈಲೆನ್ಸರ್ ಎಡಗಡೆ ಇತ್ತು. ಫೋಟೊದಲ್ಲಿ ಬಲಗಡೆ. ಅವನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಅಷ್ಟು ಜನ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು, ಬಿಡುತ್ತೇನೆಯೇ?

“ಇದು ಅದಲ್ಲ” ಎಂದೆ.

“ಏನ್ಲಾ ಅಂಗಂದ್ರೆ?”

“ಫೋಟೋಲಿ ಬಲಗಡೆ ಐತೆ, ಇಲ್ಲಿ ಎಡಗಡೆ. ನಿಮ್ಮಪ್ಪ ಇದ್ನ ಎಲ್ಲಿಂದ್ಲೋ ತಂದು ಕತೆ ಕಟ್ಟವ್ರೆ.”

ಹಿಂದಿನಿಂದ ಯಾರೋ ಕಿಸಕ್ಕೆಂದ. ಅಷ್ಟೇ, ಗೆಳೆಯನ ಮುಷ್ಟಿ ನನ್ನ ಬಾಯಿಗೆ ಬಿತ್ತು. ಕೆಡವಿಕೊಂಡು ಎದೆಯ ಮೇಲೆ ಕೂತು, ಕೂದಲು ಹಿಡಿದು ತಲೆಯನ್ನು ಸಿಮೆಂಟಿಗೆ ಜಜ್ಜಿದ. “ಇನ್ನೊಂದ್ಸಲ ಅನ್ಲಾ! ಅನ್ಲಾ!” ಒಂದು ಹಲ್ಲು ನಾಲಗೆಯ ಮೇಲೆ ಉರುಳಿತು. ಜನ ಅವನನ್ನು ಎಳೆದು ಬಿಡಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಅವನು ಏದುಸಿರು ಬಿಡುತ್ತಾ ಕಬ್ಬಿಣದ ಮೇಜಿಗೆ ಕೈಯೂರಿ ನಿಂತಿದ್ದ. ನಾನು ಎದ್ದೆ, ಸ್ಪ್ಯಾನರ್ ಎತ್ತಿದೆ, ಆ ಕೈಯ ಮೇಲೇ ಹೊಡೆದೆ. ಮತ್ತೆ ಹೊಡೆದೆ. ಮೂಳೆ ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. “ಸುಳ್ಳುಗಾರನ್ ಮಗನೇ!” ಎಂದು ಕಿರುಚಿದೆ. ಆ ಗಳಿಗೆಯಲ್ಲಿ ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೂರು ಬೆರಳು ಇನ್ನು ಮಡಚುವುದಿಲ್ಲ ಎಂದರು ಆಸ್ಪತ್ರೆಯಲ್ಲಿ. ಅವನು ಪೊಲೀಸರಿಗೆ ನನ್ನ ಹೆಸರು ಹೇಳಲಿಲ್ಲ.

ಒಂದೆರಡು ವಾರದ ನಂತರ, ನಾನು ಹೇಳಿದ್ದೇ ಸರಿ ಎಂದು ನನಗೆ ನಾನೇ ಸಮಾಧಾನ ಮಾಡಿಕೊಳ್ಳಲು ಆ ಫೋಟೊ ತೆಗೆದೆ. ಸವಾರನ ಅಂಗಿಯ ಜೇಬು ಬಲಗಡೆ ಇತ್ತು. ಯಾವ ಟೈಲರ್ ಬಲಗಡೆ ಜೇಬು ಹೊಲಿಯುತ್ತಾನೆ? ಗಡಿಯಾರವೂ ಬಲಗೈಯಲ್ಲಿ. ನೆಗೆಟಿವನ್ನು ನಾನೇ ಮಗುಚಿ ಇಟ್ಟು ಎಡವನ್ನು ಬಲ ಮಾಡಿದ್ದೆ. 8 ಎನ್ನುವುದು ಹೇಗೆ ತಿರುಗಿಸಿದರೂ 8. ಥೂ ನನ್ನ ಜನ್ಮಕ್ಕೆ! ಬೆರಳಲ್ಲಿ ಒಂದು ಸಲ ಒತ್ತಿದರೆ ಚಿತ್ರ ತಿರುಗಿತು, ಸೈಲೆನ್ಸರ್ ಎಡಕ್ಕೆ ಬಂದು ಕೂತಿತು. ನನ್ನ ಕೆನ್ನೆಗೆ ನಾನೇ ಪಟಪಟ ಹೊಡೆದುಕೊಂಡೆ. ಅಂಗಡಿಯಲ್ಲಿದ್ದ ಗಿರಾಕಿ ಹೆದರಿ ಎದ್ದು ಹೋದ.

ಗುಂಡ್ಲುಪೇಟೆಗೆ ಹೋದಾಗ ಅವನು ಶೆಡ್ಡಿನ ಬಾಗಿಲಲ್ಲಿ ಕೂತಿದ್ದ, ಕೈಗೆ ಬ್ಯಾಂಡೇಜು. ಒಳಗೆ ನೆಲದ ಮೇಲೆ ಗಾಡಿಯ ಚಾಸಿ ನಾಲ್ಕು ತುಂಡಾಗಿ ಬಿದ್ದಿತ್ತು. ಟ್ಯಾಂಕನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದ್ದ.

“ಕಟ್ ಮಾಡ್ಬುಟ್ಟೆ ಕಣ್ಲಾ” ಎಂದ. “ನಿನ್ ಕಣ್ಣು ತಪ್ಪಲ್ಲ ಅಂತ ಗೊತ್ತು. ಇಷ್ಟ್ ವರ್ಷ ಸುಳ್ಳ ಕಾಯ್ಕಂಡು ಕೂತಿದ್ನಲ್ಲ ಅಂತ ಹೊಟ್ಟೆ ಉರ್ದೋಯ್ತು. ಎಡಗೈಲಿ ಮಾಡಿದ್ದು ನೋಡು, ಎರಡು ದಿನ ಹಿಡೀತು.”

ಬಾಯಿ ಮುಚ್ಚಿಕೊಂಡು ವಾಪಸ್ ಹೋಗಿಬಿಡಲೇ ಎನಿಸಿತು. ಹೇಳಿದರೆ ಅವನು ಸಾಯುತ್ತಾನೆ, ಹೇಳದಿದ್ದರೆ ಅವನ ಅಪ್ಪ ಇನ್ನೊಮ್ಮೆ ಸಾಯುತ್ತಾರೆ. ಫೋಟೊ ತೋರಿಸಿ, ಆದದ್ದನ್ನೆಲ್ಲ ಹೇಳಿದೆ. ಅವನು ಪರದೆಯಲ್ಲಿ ಅಪ್ಪನ ಅಂಗಿಯ ಜೇಬಿನ ಮೇಲೆ ಎಡಗೈ ಬೆರಳಿಟ್ಟ.

“ಒಡಿಲಾ ನನ್ನ” ಎಂದೆ.

“ಒಡ್ಯಕ್ಕೆ ಕೈ ಎಲ್ಲೈತೆ?” ಎಂದ. ಆಮೇಲೆ, “ಹೋಗು, ನಮ್ಮಮ್ಮಂಗೆ ನೀನೇ ಏಳು.”

ಮನೆ ಪಕ್ಕದ ಬೀದಿಯಲ್ಲೇ. ಆ ಮುದುಕಿಯ ಕಾಲ ಬಳಿ ಕೂತು, ಗಾಡಿ ಅದೇ, ಅವರ ಗಂಡ ಹೇಳಿದ್ದು ನಿಜ ಎಂಬಷ್ಟನ್ನು ಮಾತ್ರ ಹೇಳಿದೆ. “ಸಚ್, ಬೇಟಾ? ನಿಜಾನಾ?” ಎಂದು ಮೂರು ಸಲ ಕೇಳಿದರು. ಅತ್ತರು, ನಕ್ಕರು, ಸತ್ತವರನ್ನೂ ಬದುಕಿದವರನ್ನೂ ಸೇರಿಸಿ ಇಡೀ ಪೇಟೆಯನ್ನು ಬಾಯಿಗೆ ಬಂದಂತೆ ಬೈದರು. ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿದರು. ಆಮೇಲೆ ಎದ್ದು, ಸೆರಗನ್ನು ತಲೆಗೆ ಎಳೆದುಕೊಂಡು ಚಪ್ಪಲಿ ಮೆಟ್ಟಿದರು.

“ನಡಿ ಬೇಟಾ. ಅವ್ರನ್ನ ಹೊಡ್ಸಿದ್ ಗಾಡಿ ಅಂತ ನಾನು ಒಂದ್ ದಿನಾನೂ ಅದ್ರ ಹತ್ರ ಹೋಗಿಲ್ಲ. ಇವತ್ತು ಮುಟ್ಟಿ ನೋಡ್ತೀನಿ.”

ನಾನು ಬಾಗಿಲಿಗೆ ಅಡ್ಡ ನಿಂತೆ.