ಅಣ್ಣನ ಕಾರಿನ ಮೇಲೆ ಮೂರು ಸೈಕಲ್ಲು

ಸೈಕಲ್ಲು ನೇತುಹಾಕಿದ ಗೋಡೆ ಬಿರುಕು ಬಿಡಬಹುದಿತ್ತು. ಗೋಡೆ ನೆಟ್ಟಗಿದ್ದರೂ ಬೋಲ್ಟು ಕಿತ್ತುಕೊಂಡು ಬರಬಹುದಿತ್ತು. ಬೋಲ್ಟು ಗಟ್ಟಿಯಾಗಿದ್ದರೂ ವೆಲ್ಡಿಂಗ್ ಬಿಟ್ಟುಕೊಳ್ಳಬಹುದಿತ್ತು. ಹೆಗ್ಗಣ ಬಂದು ಸೈಕಲ್ಲು ಬಿಗಿದ ರಬ್ಬರ್ ಪಟ್ಟಿ ಕಡಿದುಹಾಕಬಹುದಿತ್ತು. ಪುಟ್ಟೇನಹಳ್ಳಿ ಕೆರೆಯ ಕಡೆಯಿಂದ ನಮ್ಮ ಮನೆಗೆ ಬರುವ ಹೆಗ್ಗಣಗಳು ಏನನ್ನೂ ಬಿಡುವುದಿಲ್ಲ. ಯಾವನಾದರೂ ಗೇಟು ಹಾರಿ ಬಂದು, ಮಾರಿದರೆ ಟೀ ಕುಡಿಯಲೂ ಸಾಲದ ಕಬ್ಬಿಣದ ಪಿನ್ನನ್ನು ಎಳೆದುಕೊಂಡು ಹೋಗಬಹುದಿತ್ತು. ಯಾವುದು ಮೊದಲಾದರೂ ಕೊನೆಗೆ ಆಗುವುದು ಒಂದೇ. ಮೂರು ಸೈಕಲ್ಲುಗಳು ಒಟ್ಟಿಗೆ ಅಣ್ಣನ ಹೊಸ ಕಾರಿನ ಬಾನೆಟ್ಟಿನ ಮೇಲೆ ಬೀಳುತ್ತವೆ, ಅಣ್ಣ ಮಹಡಿಯಿಂದ ಇಳಿದು ಬಂದು ನೋಡುತ್ತಾನೆ, ಆಮೇಲೆ ಶಟರ್ ಹಾಕುವವನಿಗೆ ಫೋನ್ ಮಾಡುತ್ತಾನೆ.

ಶಟರಿನ ವಿಷಯ ಹೇಳಿಬಿಡುತ್ತೇನೆ. ಮನೆ ಅಪ್ಪ ಕಟ್ಟಿಸಿದ್ದು. ಕೆಳಗೆ ಅಮ್ಮನ ಜೊತೆ ನಾವು, ಮೇಲೆ ಅಣ್ಣನ ಸಂಸಾರ, ಪಕ್ಕದ ಕಾರ್ ಶೆಡ್ಡು ಇಬ್ಬರಿಗೂ ಸೇರಿದ್ದು. ನಮ್ಮ ಬೀದಿಯಲ್ಲಿ ಈಗ ಶೆಡ್ಡು ಅನ್ನುವುದು ಶೆಡ್ಡಾಗಿ ಉಳಿದಿಲ್ಲ, ಶಟರ್ ಹಾಕಿಸಿಕೊಂಡು ಅಂಗಡಿಯಾಗಿದೆ. ಒಂದು ಮೊಬೈಲ್ ಅಂಗಡಿಯಾಯಿತು, ಒಂದು ಕೋಳಿ ಅಂಗಡಿ, ಮತ್ತೊಂದರಲ್ಲಿ ಬ್ಯೂಟಿ ಪಾರ್ಲರ್. ಒಮ್ಮೆ ಕಾಫಿ ಕುಡಿಯುತ್ತ ಅಣ್ಣ, "ನಮ್ದನ್ನೂ ಬಾಡಿಗೆಗೆ ಕೊಟ್ರೆ ಹೆಂಗೆ?" ಅಂದಿದ್ದ. ನಾನು ನಕ್ಕೆ. ಅವನು ನಗಲಿಲ್ಲ. ಅವತ್ತು ತಲೆಗೆ ಹೊಕ್ಕ ಹುಳ ಇನ್ನೂ ಹೊರಗೆ ಬಂದಿಲ್ಲ.

ಅಷ್ಟರಲ್ಲಿ ಅವನು ಕಾರು ತಗೊಂಡ. ಶೆಡ್ಡಿನಲ್ಲಿ ನಮ್ಮ ಸೈಕಲ್ಲುಗಳು ಒಂದಕ್ಕೊಂದು ಒರಗಿಕೊಂಡು ಅಡ್ಡಾದಿಡ್ಡಿ ನಿಂತಿದ್ದವು: ದಿನಾ ಬೆಳಿಗ್ಗೆ ಕೆರೆ ಸುತ್ತುವ ಹೆಂಡತಿಯದು, ಪರೀಕ್ಷೆ ಮುಗಿದಾಗ ಮಾತ್ರ ಹತ್ತುವ ಮಗಳದು, ಮತ್ತು ನನ್ನದು. ನನ್ನದರ ಬಗ್ಗೆ ಹೇಳದಿರುವುದೇ ವಾಸಿ.

"ಲೋ, ಇವಕ್ಕೊಂದು ದಾರಿ ಮಾಡು," ಅಂದ ಅಣ್ಣ. "ಆಯುಧಪೂಜೆ ದಿನ ಕಾರು ಒಳಗೆ ನಿಲ್ಬೇಕು. ಆಗಲ್ಲ ಅಂದ್ರೆ ಹೇಳು, ಶೆಡ್ಡಿಗೆ ಬೇರೆ ಏನಾದ್ರೂ ಯೋಚ್ನೆ ಮಾಡೋಣ."

'ಬೇರೆ ಏನಾದ್ರೂ' ಅಂದಾಗಲೇ ನನ್ನ ಕಿವಿಯಲ್ಲಿ ಗಡಗಡ ಅಂತ ಶಟರ್ ಇಳಿಯಿತು.

ಗಂಗಾನಗರದ ಗೆಳೆಯನೊಬ್ಬ ತನ್ನ ಜೀಪು ಮಾರಿದ್ದ. ಜೀಪಿನ ಹಿಂದೆ ಸಿಕ್ಕಿಸಿ ಸೈಕಲ್ ನೇತುಹಾಕಿಕೊಂಡು ಹೋಗುವ ಕಬ್ಬಿಣದ ರ‍್ಯಾಕು ಅವನ ತಾರಸಿಯ ಮೇಲೆ ಬಿದ್ದಿತ್ತು. "ಗಾಡಿನೇ ಹೋಯ್ತು ಗುರು, ಇದನ್ನ ನನ್ ಬೆನ್ನಿಗೆ ಸಿಕ್ಕಿಸ್ಕೊಳ್ಳಾ? ತಗೊಂಡ್ ಹೋಗು," ಅಂದ. ಬಿಟ್ಟಿ ಅಂದ ತಕ್ಷಣ ನನಗೆ ಅನುಮಾನ. ತುಕ್ಕು ಹಿಡಿದಿದೆಯೇ, ಎಲ್ಲಾದರೂ ಸೀಳಿದೆಯೇ ಅಂತ ತಿರುಗಿಸಿ ತಿರುಗಿಸಿ ನೋಡಿದೆ. "ಹೆಣ್ಣು ನೋಡೋಕ್ ಹೋದಾಗ್ಲೂ ಇಷ್ಟ್ ನೋಡಿರ್ಲಿಲ್ವಲ್ಲೋ," ಅಂತ ಅವನು ನಗಾಡಿದ.

ರ‍್ಯಾಕಿನ ಬುಡ ಹೋಗಿ ಕೂರುವಂಥ ಚೌಕದ ಕೊಳವೆ ಜೀಪಿನ ಹಿಂದೆ ಇರುತ್ತದೆ. ಅಂಥದ್ದೇ ಒಂದನ್ನು ಶೆಡ್ಡಿನ ಹಿಂಗೋಡೆಯ ಪಿಲ್ಲರಿಗೆ ಕೂರಿಸಿ, ರ‍್ಯಾಕನ್ನು ಅದರೊಳಗೆ ತೂರಿಸಿ, ಅಡ್ಡಕ್ಕೆ ಪಿನ್ನು ಹಾಕಿಬಿಟ್ಟರೆ ಗೋಡೆಯೇ ಗಾಡಿ. ಸೈಕಲ್ಲುಗಳು ಮೇಲೆ, ಕಾರಿನ ಮೂತಿ ಅವುಗಳ ಕೆಳಗೆ. ತಣಿಸಂದ್ರದ ವೆಲ್ಡಿಂಗ್ ಅಂಗಡಿಯವನು ಅಂಥ ಕೊಳವೆ ಬೆಸೆದು ತಂದು ಬೋಲ್ಟು ಬಿಗಿದ.

"ಬೀಳಲ್ಲ ತಾನೆ?"

"ಬೀಳಲ್ಲ ಸಾರ್."

"ಅಕಸ್ಮಾತ್ ಬಿದ್ರೆ?"

"ಬಿದ್ರೆ ಫೋನ್ ಮಾಡಿ ಸಾರ್."

ಈ ಕೊನೆಯ ಮಾತು ನನ್ನನ್ನು ಬಹಳ ದಿನ ಕಾಡಿತು. ಹಾಗಾಗಿ ಮೊದಲು ಅಕ್ಕಿ ಮೂಟೆ ನೇತುಹಾಕಿ ನೋಡಿದೆ. ಅಕ್ಕಿಯ ಮೇಲೂ ನಂಬಿಕೆ ಸಾಲದೆ ನಾನೇ ಜೋತುಬಿದ್ದೆ. ಅದೇ ಹೊತ್ತಿಗೆ ಅಮ್ಮ ಹಿತ್ತಲಿನಿಂದ ಬಂದಳು.

"ಅದ್ಯಾಕ್ಲಾ ಅಂಗೆ ಬಾವಲಿ ಇದ್ದಂಗೆ ನೇತಾಡ್ತಿದ್ದೀಯ?"

"ಗಟ್ಟಿ ಇದೆಯಾ ನೋಡ್ತಿದ್ದೀನಮ್ಮ."

"ಮೊದ್ಲು ನಿನ್ ಸೊಂಟ ಗಟ್ಟಿ ಐತಾ ನೋಡ್ಕೋ."

ಎರಡೂ ಗಟ್ಟಿಯಿದ್ದವು. ಸೈಕಲ್ಲುಗಳನ್ನು ಮೇಲೇರಿಸಿದೆವು. "ರೀ, ನಿಮ್ದನ್ನ ಗೋಡೆ ಕಡೆಗೆ ಹಾಕಿ, ಅದನ್ನ ಯಾರೂ ಕೇಳಲ್ಲ. ನಂದು ಈ ತುದೀಲಿರ್ಲಿ," ಅಂದಳು ಹೆಂಡತಿ.

ಮಾರನೆಯ ಬೆಳಿಗ್ಗೆ ಹಾಲಿಗೆ ಹೊರಟವನು ಶೆಡ್ಡಿನೊಳಗೆ ಅಣ್ಣನನ್ನು ಕಂಡೆ. ಕೈಯಲ್ಲಿ ಟೇಪು. ಗೋಡೆಯಿಂದ ಸೈಕಲ್ಲಿನವರೆಗೆ, ಸೈಕಲ್ಲಿನಿಂದ ನೆಲದವರೆಗೆ ಅಳೆಯುತ್ತಿದ್ದ. ನನ್ನನ್ನು ನೋಡಿದವನೇ ಟೇಪನ್ನು ಸರ‍್ರನೆ ಒಳಗೆಳೆದುಕೊಂಡ.

"ಏನಣ್ಣ?"

"ಏನಿಲ್ಲ ಕಣೋ, ಸುಮ್ನೆ."

ಟೇಪು ಹಿಡಿದುಕೊಂಡು ಸುಮ್ಮನೆ ನಿಲ್ಲುವವರನ್ನು ನಾನು ಈವರೆಗೆ ಕಂಡಿಲ್ಲ. ಹೆಂಡತಿಗೆ ಹೇಳಿದೆ, "ಶಟರಿಗೆ ಅಳತೆ ತಗೋತಿದಾನೆ."

"ಶಟರ್ ಹಾಕೋದು ಬೀದಿ ಕಡೆಗೆ. ಹಿಂದಿನ ಗೋಡೆ ಅಳೆದು ಏನ್ ಮಾಡ್ತಾರೆ?"

ಅವಳ ಮಾತು ಸರಿಯೇ. ಆದರೆ ಅಷ್ಟಕ್ಕೇ ಅನುಮಾನವನ್ನು ಬಿಟ್ಟುಕೊಡುವ ಜಾಯಮಾನ ನನ್ನದಲ್ಲ. ಹಬ್ಬದವರೆಗೂ ಅಣ್ಣನ ಫೋನು ರಿಂಗಾದಾಗಲೆಲ್ಲ ಮೆಟ್ಟಿಲ ಹತ್ತಿರ ಏನೋ ಹುಡುಕುವವನಂತೆ ಓಡಾಡಿದೆ.

ಆಯುಧಪೂಜೆಯ ಬೆಳಿಗ್ಗೆ ಅಣ್ಣ ಕಾರನ್ನು ಒಳಗೆ ತಂದ. ಇಳಿದವನು ಮೊದಲು ತಲೆಯೆತ್ತಿ ಸೈಕಲ್ಲು ನೋಡಿದ. ಆಮೇಲೆ ಡಿಕ್ಕಿ ತೆಗೆದು ಹಳೇ ರಜಾಯಿಯೊಂದನ್ನು ಹೊರಗೆಳೆದ. ಬಾನೆಟ್ಟಿನ ಅಳತೆಗೆ ಕತ್ತರಿಸಿ, ಅಂಚಿಗೆ ಹೊಲಿಗೆ ಹಾಕಿಸಿದ್ದ.

"ಇದೇನಣ್ಣ?"

"ಬಿದ್ರೆ ಎಲ್ಲೀವರ್ಗೂ ಬೀಳುತ್ತೆ ಅಂತ ಅವತ್ತು ಅಳೆದು ನೋಡ್ದೆ. ರಾತ್ರಿ ಎಲ್ಲ ಅದೇ ಯೋಚ್ನೆ ಕಣೋ. ನಿಂಗೆ ಹೇಳಿದ್ರೆ ನೀನು ಇನ್ನೂ ಹೆದರ್ತೀಯ ಅಂತ ಸುಮ್ನಿದ್ದೆ."

ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಇದನ್ನ ಹೊದಿಸಿ ಕಾರು ಇಲ್ಲೇ ನಿಲ್ಸಿ ನೋಡೋಣ, ಸರಿ ಹೋದ್ರೆ ಹಿಂಗೇ ಇರ್ಲಿ," ಅಂದ. ಸರಿ ಹೋಗದಿದ್ದರೆ ಶಟರೇ ಅಂತ ನಾನೇ ಅರ್ಥ ಮಾಡಿಕೊಂಡೆ.

ಪೂಜೆಗೆಂದು ರಜಾಯಿ ಪಕ್ಕಕ್ಕಿಟ್ಟ. ಕಾರಿಗೆ ಹಾರ ಹಾಕಿ, ಕುಂಕುಮ ಇಟ್ಟು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಅಮ್ಮ ಆರತಿ ತಟ್ಟೆ ಹಿಡಿದು ಮೇಲೆ ನೋಡಿದಳು.

"ಸೈಕಲ್ಲಿಗೆ ನಿಂಬೆಹಣ್ಣು ಎಲ್ರಲಾ?"

ನೆಲ ಮುಟ್ಟದ ಚಕ್ರಕ್ಕೆ ನಿಂಬೆಹಣ್ಣು ಎಲ್ಲಿಡುವುದು? ಅವನ್ನು ಇಳಿಸಬೇಕೆಂದರೆ ಕಾರನ್ನು ಹಿಂದಕ್ಕೆ ತೆಗೆಯಬೇಕು. ಹಾರ ಬಿದ್ದ ಮೇಲೆ ಗಾಡಿ ಮೊದಲು ಮುಂದಕ್ಕೇ ಹೋಗಬೇಕು ಅಂತ ಅಮ್ಮ ಹಟ ಹಿಡಿದಳು. ಹಾಗಂತ ಸೈಕಲ್ಲಿಗೆ ನಿಂಬೆಹಣ್ಣು ತಪ್ಪಿಸುವಂತೆಯೂ ಇಲ್ಲ. ಕೊನೆಗೆ ನಾನೇ ಸ್ಟೂಲು ಹತ್ತಿ, ನಿಂಬೆಹಣ್ಣಿಗೆ ಕುಂಕುಮ ಹಚ್ಚಿ, ಹೂವಿನ ದಾರದಲ್ಲಿ ಒಂದೊಂದು ಚಕ್ರದ ಅಡಿಗೂ ಒಂದೊಂದು ಕಟ್ಟಿದೆ. ಬೋಲ್ಟುಗಳನ್ನೂ ಪಿನ್ನನ್ನೂ ಮುಟ್ಟಿ ಮುಟ್ಟಿ ನೋಡಿಯೇ ಇಳಿದೆ.

ಆರತಿಯಾಯಿತು. ಅಣ್ಣ ಕಾರನ್ನು ಗೋಡೆಯ ಕಡೆಗೆ ಒಂದಿಷ್ಟು ಸರಿಸಿದ, ಚಕ್ರದಡಿಯ ಹಣ್ಣುಗಳು ಪಚಕ್ಕೆಂದವು. ಅವನು ಇಳಿದು ಬಾಗಿಲು ಹಾಕಿದ. ಅದೇ ಅದುರಿಗೋ ಏನೋ, ಮೇಲಿಂದ ಏನೋ ಟಪ್ಪೆಂದು ಬಾನೆಟ್ಟಿನ ಮೇಲೆ ಬಿತ್ತು. ನಾವಿಬ್ಬರೂ ಒಟ್ಟಿಗೆ ಕಣ್ಣು ಮುಚ್ಚಿಕೊಂಡೆವು.

ತೆರೆದಾಗ ಸೈಕಲ್ಲುಗಳು ಇದ್ದಲ್ಲೇ ಇದ್ದವು. ನಿಂಬೆಹಣ್ಣೊಂದು ಬಿಳಿ ಬಾನೆಟ್ಟಿನ ಮೇಲೆ ಕೆಂಪು ಗೀಟು ಎಳೆಯುತ್ತ ಉರುಳಿ ಹೋಗುತ್ತಿತ್ತು.

"ಇದನ್ನ ಕಟ್ಟಿದ್ದು ಯಾರು?" ಅಂದ ಅಣ್ಣ.

"ನಾನೇ."

"ಆ ಬೋಲ್ಟು ಹಾಕಿದ್ದು?"

"ತಣಿಸಂದ್ರದವನು."

"ಸದ್ಯ," ಅಂದು ಅಣ್ಣ ಗೀಟನ್ನು ಅಂಗೈಯಲ್ಲಿ ಒರೆಸಿ, ರಜಾಯಿ ಎಳೆದು ಹೊದಿಸಿದ.