ಆಕಾಶದಲ್ಲಿರುವ ಪೊಲೀಸಪ್ಪ

ಕಾರಿನಲ್ಲಿ ಕೂತರೆ ನಾನು ಆಕಾಶ ನೋಡುತ್ತೇನೆ. ಮೋಡ ನೋಡಿ ಮೈಮರೆಯುವ ಆಸಾಮಿ ಎಂದು ತಪ್ಪು ತಿಳಿಯಬೇಡಿ. ನಾನು ಹುಡುಕುವುದು ವಿಮಾನವನ್ನು, ಅದರಲ್ಲೂ ಒಂದೇ ಇಂಜಿನ್ನಿನ, ಕೆಳಮಟ್ಟದಲ್ಲಿ ಹಾರುವ ಪುಟ್ಟ ವಿಮಾನವನ್ನು. ಕ್ಲಾರ್ಕ್ಸ್‌ಬರ್ಗ್‌ನ ನಮ್ಮ ಮನೆಯಿಂದ ಷಾರ್ಲಟ್ ಕಡೆಗೆ ಹೊರಟರೆ ವರ್ಜೀನಿಯಾ ದಾಟಬೇಕು. ಅಲ್ಲಿ ಹೆದ್ದಾರಿಯ ಪಕ್ಕ ಒಂದು ಬೋರ್ಡು ನೆಟ್ಟಿದ್ದಾರೆ: ಇಲ್ಲಿ ವೇಗದ ಮಿತಿಯನ್ನು ವಿಮಾನದಿಂದ ಜಾರಿಗೊಳಿಸಲಾಗುತ್ತದೆ. ಮೊದಲ ಸಲ ಓದಿದಾಗ, ವಿಮಾನ ರಸ್ತೆಗೇ ಇಳಿದು ನಮಗೆ ಅಡ್ಡ ನಿಲ್ಲುತ್ತದೆ ಎಂದುಕೊಂಡಿದ್ದೆ.

ನಾನು ಸಾಫ್ಟ್‌ವೇರ್ ಟೆಸ್ಟರ್. ಎಲ್ಲಿ ಏನು ಕೆಡಬಹುದು ಎಂದು ಮೊದಲೇ ಊಹಿಸಿ ಹೆದರುವುದಕ್ಕೇ ನನಗೆ ಸಂಬಳ. ಹಾಗಾಗಿ ಈ ವಿಮಾನದ ವಿಚಾರವನ್ನೂ ಕೂತು ಓದಿದೆ. ವಿಷಯ ಬಹಳ ಸರಳ. ರಸ್ತೆಗೆ ಅಡ್ಡಲಾಗಿ ದಪ್ಪ ಬಿಳಿ ಗೆರೆಗಳನ್ನು ಎಳೆದಿರುತ್ತಾರೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಎಷ್ಟು ದೂರ ಎಂಬುದು ಅಳೆದಿಟ್ಟ ಲೆಕ್ಕ. ಮೇಲಿರುವವನು ನಿಮ್ಮ ಕಾರು ಮೊದಲ ಗೆರೆ ಮುಟ್ಟಿದಾಗ ಸ್ಟಾಪ್‌ವಾಚ್ ಒತ್ತುತ್ತಾನೆ, ಎರಡನೆಯದನ್ನು ಮುಟ್ಟಿದಾಗ ಮತ್ತೆ ಒತ್ತುತ್ತಾನೆ. ಗೆರೆಗಳ ನಡುವೆ ಕಾಲು ಮೈಲಿ ಇದ್ದರೆ, ಗಂಟೆಗೆ ಎಪ್ಪತ್ತು ಮೈಲಿಯ ವೇಗದಲ್ಲಿ ಅದನ್ನು ದಾಟಲು ಹದಿಮೂರು ಸೆಕೆಂಡಿಗೆ ಕೊಂಚ ಕಡಿಮೆ ಬೇಕು. ನೀವು ಹತ್ತೇ ಸೆಕೆಂಡಿನಲ್ಲಿ ದಾಟಿದಿರೋ, ಅವನು ರೇಡಿಯೋದಲ್ಲಿ ಕೆಳಗಿನವನಿಗೆ ನಿಮ್ಮ ಕಾರಿನ ಬಣ್ಣ, ಗುರುತು ಹೇಳುತ್ತಾನೆ. ಮುಂದಿನ ಸೇತುವೆಯ ಹಿಂದೆ ಕಾದಿದ್ದ ಪೊಲೀಸ್ ಕಾರು ದೀಪ ಹಾಕಿಕೊಂಡು ಬರುತ್ತದೆ.

ನಮ್ಮ ಮೈಸೂರಿನಲ್ಲಿ ಟ್ರಾಫಿಕ್ ಪೊಲೀಸರು ಮರದ ಮರೆಯಲ್ಲಿ ನಿಲ್ಲುತ್ತಿದ್ದರು. ಮರದಾಚೆಗೆ ಅವರ ಹೊಟ್ಟೆ ಕಾಣುತ್ತಿದ್ದುದರಿಂದ ನಮಗೂ ಅವರಿಗೂ ಒಂದು ಒಪ್ಪಂದವಿದ್ದಂತಿತ್ತು. ಪುರಾಣದಲ್ಲಿ ದೇವತೆಗಳೂ ವಿಮಾನದಲ್ಲಿ ಬಂದು ಕೆಳಗಿನವರ ಓಡಾಟ ನೋಡುತ್ತಿದ್ದರು, ನಿಜ. ಆದರೆ ಅವರು ಮೆಚ್ಚಿದರೆ ಹೂ ಸುರಿಸುತ್ತಿದ್ದರು. ಈ ವಿಮಾನದವರು ಮೆಚ್ಚಿದ್ದಕ್ಕೆ ಏನನ್ನೂ ಸುರಿಸಿದ್ದನ್ನು ನಾನು ಎಲ್ಲಿಯೂ ಓದಿಲ್ಲ.

ಇಷ್ಟಕ್ಕೆಲ್ಲ ಹೆದರುವುದೇಕೆ, ಟಿಕೆಟ್ ಕೊಟ್ಟರೆ ದಂಡ ಕಟ್ಟಿದರಾಯಿತು ಎನ್ನುತ್ತೀರಿ. ವರ್ಜೀನಿಯಾದಲ್ಲಿ ಎಂಬತ್ತೈದು ದಾಟಿದರೆ ಅದು ಬರೀ ದಂಡದ ಮಾತಲ್ಲ, ಕೋರ್ಟಿಗೆ ಹೋಗಬೇಕಾದ ಅಪರಾಧ. ನಾನು ಹೇಳಹೊರಟ ಪ್ರಯಾಣದಲ್ಲಿ ಕಾರು ಓಡಿಸುತ್ತಿದ್ದವಳು ನನ್ನ ಮಗಳು ಸಿಂಚನ. ಆಗ ಅವಳಿಗೆ ಇಪ್ಪತ್ತು ವರ್ಷ, ನವೆಂಬರ್‌ಗೆ ಇಪ್ಪತ್ತೊಂದು. ನಾವು ಮೂವರೂ ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತು ಹನ್ನೊಂದು ವರ್ಷವಾಗಿತ್ತು. ಇಪ್ಪತ್ತೊಂದು ತುಂಬುವುದರೊಳಗೆ ನಮ್ಮ ಸರದಿ ಬರದಿದ್ದರೆ ಅವಳು ಮಗು ಅಲ್ಲವೆಂದು ನಮ್ಮ ಅರ್ಜಿಯಿಂದ ಹೊರಗೆ ಬೀಳುತ್ತಾಳೆ. ಎರಡು ವರ್ಷದವಳಿದ್ದಾಗ ನನ್ನ ಹೆಗಲ ಮೇಲೆ ನಿದ್ದೆ ಮಾಡುತ್ತಾ ಈ ದೇಶಕ್ಕೆ ಬಂದವಳು. ಸರದಿ ಎಲ್ಲಿಯವರೆಗೆ ಬಂತೆಂದು ತಿಳಿಸುವ ತಾರೀಖಿನ ಪಟ್ಟಿಯನ್ನು ಸರ್ಕಾರ ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ನಾನೂ ನನ್ನ ಹೆಂಡತಿ ವಸುಧಾಳೂ ಅದನ್ನು ಬಾಗಿಲು ಹಾಕಿಕೊಂಡು ಓದುತ್ತಿದ್ದೆವು. ಮಗಳ ಹತ್ತಿರ ಈ ಮಾತೇ ಎತ್ತಿರಲಿಲ್ಲ. ಓದುವ ಹುಡುಗಿ, ತಲೆ ಕೆಡಿಸಿಕೊಳ್ಳುವುದು ಬೇಡ ಎಂಬುದು ನಮ್ಮ ತೀರ್ಮಾನವಾಗಿತ್ತು. ಇಂಥ ಹೊತ್ತಿನಲ್ಲಿ ಅವಳ ಹೆಸರಿನ ಮೇಲೆ ಒಂದು ಕೇಸು ಬಿದ್ದರೆ ಎಂದು ಆ ಕಾನೂನನ್ನು ಮತ್ತೆ ಮತ್ತೆ ತೆಗೆದು ಓದುತ್ತಿದ್ದೆ.

ಕಳೆದ ಜುಲೈನಲ್ಲಿ ಷಾರ್ಲಟ್ ನಗರದ ಬ್ಯಾಲಂಟೈನ್‌ನಲ್ಲಿರುವ ವಸುಧಾಳ ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೊರಟಿದ್ದೆವು. ವಸುಧಾ ಹಿಂದಿನ ಸೀಟಿನಲ್ಲಿ ಹೋಳಿಗೆ ಡಬ್ಬಿಗೆ ತಲೆಯಾನಿಸಿ ಮಲಗಿದ್ದಳು. ನಾನು ಮುಂದೆ ಕೂತು ಫೋನಿನ ಸ್ಟಾಪ್‌ವಾಚ್ ತೆರೆದುಕೊಂಡು, ಕಂಡ ಕಂಡ ಬಿಳಿ ಗೆರೆಗಳ ನಡುವೆ ನಮ್ಮನ್ನೇ ಅಳೆಯುತ್ತಿದ್ದೆ. ಸಿಂಚನ ಅರವತ್ತೆಂಟರಲ್ಲೇ ಓಡಿಸುತ್ತಿದ್ದಳು. ಆದರೂ ನನ್ನ ಬಲಗಾಲು, ಬ್ರೇಕೇ ಇಲ್ಲದ ಕಡೆ ಬ್ರೇಕ್ ಒತ್ತುತ್ತಿತ್ತು.

ಪೀಟರ್ಸ್‌ಬರ್ಗ್ ದಾಟಿ ಅರ್ಧ ಗಂಟೆಯಾಗಿರಬೇಕು. ಎಡಗಡೆ ಹಳದಿ ಬಣ್ಣದ ಒಂದು ಪುಟ್ಟ ವಿಮಾನ ಕಾಣಿಸಿತು. ಅದು ರಸ್ತೆಯ ಕಡೆಗೇ ಬಂದು, ತಿರುಗಿ ಹೋಗಿ, ಮತ್ತೆ ಬಂತು. ಸ್ಲೋ ಮಾಡು ಎಂದೆ. ಅರವತ್ತಕ್ಕೆ ಇಳಿಸಿದಳು. ಇನ್ನೂ ಎಂದೆ. ವಿಮಾನ ಮತ್ತೊಮ್ಮೆ ತಿರುಗಿದಾಗ ನಾನು ಅರಚಿದೆನೆಂದು ಕಾಣುತ್ತದೆ, ಅವಳು ನಲವತ್ತಾರಕ್ಕೆ ಇಳಿಸಿಬಿಟ್ಟಳು. ಅದೂ ಎಡಗಡೆಯ ವೇಗದ ಲೇನಿನಲ್ಲಿ. ಹಿಂದಿನ ಟ್ರಕ್ಕಿನವನು ಹಾರ್ನ್ ಬಾರಿಸುತ್ತಾ ನಮ್ಮ ಬಂಪರಿನ ತನಕ ಬಂದು, ಕೊನೆಯ ಗಳಿಗೆಯಲ್ಲಿ ಬಲಕ್ಕೆ ಎಳೆದುಕೊಂಡು ಪಾರಾದ. ಅವಳು ಪಕ್ಕದ ಲೇನಿಗೆ ಬರುವಷ್ಟರಲ್ಲಿ ಕನ್ನಡಿಯಲ್ಲಿ ಪೊಲೀಸ್ ಕಾರಿನ ನೀಲಿ ದೀಪ ಮಿನುಗತೊಡಗಿತ್ತು. ರಸ್ತೆಯ ಬದಿಗೆ ಕಾರು ನಿಲ್ಲಿಸಿದಳು.

ಇನ್ನು ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ನಮ್ಮೂರಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದರೆ ಇಳಿದು ಅವರ ಹತ್ತಿರ ಹೋಗಬೇಕು. ಒಳಗೇ ಕೂತು ಮಾತಾಡಿದರೆ ಎಷ್ಟು ಕೊಬ್ಬು ನೋಡು ಎನ್ನುತ್ತಾರೆ. ಈ ದೇಶದಲ್ಲಿ ಅದು ಪೂರ್ತಿ ತಿರುಗುಮುರುಗು, ಕೈ ಕಾಣುವಂತೆ ಇಟ್ಟುಕೊಂಡು ಕೂತಲ್ಲೇ ಕೂತಿರಬೇಕು. ಹದಿನೆಂಟು ವರ್ಷದಿಂದ ಇದು ನನಗೆ ಗೊತ್ತು. ಹೊಸದಾಗಿ ಬಂದ ಎಷ್ಟೋ ಜನರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಆದರೆ ಆ ಹೊತ್ತಿಗೆ ಬುದ್ಧಿ ಎಲ್ಲಿಗೆ ಹೋಗಿತ್ತೋ, ನಾನು ಕಾಗದಪತ್ರದ ಫೈಲು ಕಂಕುಳಲ್ಲಿಟ್ಟುಕೊಂಡು ಬಾಗಿಲು ತೆಗೆದು ಇಳಿದೇಬಿಟ್ಟೆ. ಪೊಲೀಸಿನವನ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. ಒಳಗೆ ಹೋಗಿ ಕೂರುವಂತೆ ಅವನು ಗದರಿದ್ದು ಹಿಂದೆ ಮಲಗಿದ್ದ ವಸುಧಾಳನ್ನೂ ಎಬ್ಬಿಸಿತು.

“ಅಪ್ಪಾ, ಕೂತ್ಕೋ. ಪ್ಲೀಸ್,” ಎಂದಳು ಸಿಂಚನ. ಅವಳ ಎರಡೂ ಕೈ ಸ್ಟೀರಿಂಗ್ ಮೇಲಿದ್ದವು, ದನಿ ಬಹಳ ಮೆತ್ತಗಿತ್ತು.

ಕೂತೆ. ಆತ ನನ್ನ ಕಿಟಕಿಯ ಬಳಿ ಬಂದು, ನನ್ನನ್ನು ಬಿಟ್ಟು ಅವಳನ್ನೇ ಕೇಳಿದ. ಹುಷಾರಿಲ್ಲವೇ, ಕಾರು ಕೆಟ್ಟಿದೆಯೇ, ಅಷ್ಟು ನಿಧಾನ ಏಕೆ. ಅಪ್ಪ ಒಂದು ವಿಮಾನ ನೋಡಿದರು, ಅದಕ್ಕೆ ಎಂದಳು. ಆತ ನೆಟ್ಟಗಾಗಿ ರಸ್ತೆಯಾಚೆ ನೋಡಿದ. ಹಳದಿ ವಿಮಾನ ಹತ್ತಿ ಹೊಲದ ಮೇಲೆ ಬಿಳಿಯ ಹೊಗೆ ಬಿಡುತ್ತಾ ಹೋಗುತ್ತಿತ್ತು. ಅದು ಹುಳಕ್ಕೆ ಔಷಧಿ ಹೊಡೆಯುವ ವಿಮಾನ. ಅದು ಹಿಡಿಯುವುದು ಹುಳಗಳನ್ನು ಮಾತ್ರ ಎಂದು ಆತ ಹೇಳಿದಾಗ ನಗಬೇಕೋ ಬೇಡವೋ ತಿಳಿಯದೆ ಫೈಲು ತಬ್ಬಿಕೊಂಡು ಕೂತಿದ್ದೆ. ಟಿಕೆಟ್ ಬರೆಯದೆ, ನಿಧಾನ ಹೋಗುವುದಿದ್ದರೆ ಬಲಗಡೆ ಹೋಗಿ ಎಂದು ಬುದ್ಧಿ ಹೇಳಿ ಕಳಿಸಿದ.

ಮತ್ತೆ ಹೊರಟೆವು. ಆ ಟ್ರಕ್ಕಿನ ಹಾರ್ನ್ ನನ್ನ ಕಿವಿಯಲ್ಲಿ ಇನ್ನೂ ಕೂಗುತ್ತಿತ್ತು. ಮಗಳನ್ನು ಕಾಪಾಡಲು ಹೋಗಿ ಅವಳನ್ನು ಆ ಟ್ರಕ್ಕಿನ ಮುಂದೆ ತಂದು ನಿಲ್ಲಿಸಿದ್ದೆ. ಗೆರೆಯನ್ನು ಬೇಗ ದಾಟಿದಳು ಎಂದು ಆಕಾಶದವನು ಹಿಡಿಯದಿರಲಿ ಎಂದು ಇಷ್ಟೆಲ್ಲ ಒದ್ದಾಡಿದೆ. ಸರದಿಯನ್ನು ಬೇಗ ದಾಟಲಿಲ್ಲ ಎಂದು ನವೆಂಬರ್‌ನಲ್ಲಿ ಅವಳನ್ನು ಹೊರಗೆ ಹಾಕುವ ಗಡಿಯಾರವೊಂದಿತ್ತಲ್ಲ, ಅದಕ್ಕೆ ನನ್ನ ಹತ್ತಿರ ಯಾವ ಬ್ರೇಕೂ ಇರಲಿಲ್ಲ.

ಅಷ್ಟರಲ್ಲಿ ಅವಳೇ ಹೇಳಿದಳು. “ಅಪ್ಪಾ, ಐ ನೋ. ಟ್ವೆಂಟಿ ಒನ್ ಆದ್ರೆ ಐ ಏಜ್ ಔಟ್. ಕಾಲೇಜಲ್ಲಿ ಕೇಳ್ಕೊಂಡ್ ಬಂದಿದೀನಿ. ಸ್ಟೂಡೆಂಟ್ ವೀಸಾಗೆ ಅಪ್ಲೈ ಮಾಡ್ತೀನಿ. ಆಮೇಲೆ ನಂದೇ ಲೈನಲ್ಲಿ ನಿಂತ್ಕೋತೀನಿ.”

ಯಾವಾಗ ಕೇಳಿದೆ ಎಂದು ವಸುಧಾ ಹಿಂದಿನಿಂದ ವಿಚಾರಿಸಿದಳು. ಜನವರಿಯಲ್ಲೇ ಅಂತೆ. ನೀವಿಬ್ಬರೂ ತಲೆ ಕೆಡಿಸಿಕೊಳ್ಳುತ್ತೀರಿ ಎಂದು ಹೇಳಿರಲಿಲ್ಲವಂತೆ.

ಅಲ್ಲಿಯವರೆಗೆ ನಾನು ಆಕಾಶ ನೋಡಿದ್ದೆ, ಗೆರೆ ನೋಡಿದ್ದೆ, ಸ್ಪೀಡಿನ ಮುಳ್ಳು ನೋಡಿದ್ದೆ. ಆಗ ಅವಳನ್ನು ನೋಡಿದೆ. ಪೊಲೀಸ್ ಹೋಗಿ ಅಷ್ಟು ಹೊತ್ತಾದರೂ ಮೆತ್ತಗೆ ಮಾತಾಡುತ್ತಿದ್ದವಳ ಎರಡೂ ಕೈ ಸ್ಟೀರಿಂಗನ್ನು ಹಾಗೇ ಬಿಗಿಹಿಡಿದಿದ್ದವು. ಇಷ್ಟು ದಿನ ಅವಳು ಒಬ್ಬಳೇ ಹೆದರಿಕೊಂಡಿದ್ದಳು.

“ಮುಂದಿನ ಎಕ್ಸಿಟ್ ತಗೋ ಪುಟ್ಟಿ,” ಎಂದೆ. “ಸ್ವಲ್ಪ ಹೊತ್ತು ಕೂತ್ಕೊಳ್ಳೋಣ. ಕಾಫಿ ಕುಡಿಯೋಣ.”

“ಚಿಕ್ಕಮ್ಮನ ಮನೆಗೆ ಲೇಟ್ ಆಗತ್ತೆ, ಅಪ್ಪ.”

“ಆಗ್ಲಿ,” ಎಂದೆ.