ಗುಂಡಿ ಒತ್ತದೆ ಎದ್ದವರು

ಕಿಟ್ವೆಯ ತಾಮ್ರದ ಗಣಿಯಲ್ಲಿ ಕೆಳಗಿಳಿಯುವವರಿಗೆ ದೀಪ ಕೊಡುವ ಕೋಣೆಯನ್ನು ಮೂವತ್ತೊಂದು ವರ್ಷ ಕಾಯ್ದ ಕಸೊಂಡೆಯವರು, ತನ್ನ ನಂಬರಿನ ಬಿಲ್ಲೆ ತೋರಿಸದವನು ಒಡಹುಟ್ಟಿದ ತಮ್ಮನೇ ಆಗಿದ್ದರೂ ದೀಪ ಕೊಟ್ಟವರಲ್ಲ. 1979ರ ಮಾರ್ಚ್ 3, ಶನಿವಾರದಿಂದ ಅವರು ಗಣಿ ಕ್ಲಬ್ಬಿನ ಚದುರಂಗ ತಂಡದ ನಾಲ್ಕನೆಯ ಮಣೆಯ ಆಟಗಾರರು. ಆ ಸ್ಥಾನ ಈಗ ತೂಗುಯ್ಯಾಲೆಯಲ್ಲಿತ್ತು.

1998ರ ಆಗಸ್ಟ್ 22ರ ಬೆಳಿಗ್ಗೆ, ಲುವಾನ್ಶ್ಯದ ತಂಡದೊಡನೆ ಪಂದ್ಯಕ್ಕೆ ಮುನ್ನ, ನಾಯಕ ಮುಟಾಲೆ ಹೇಳಿದ್ದ: "ಯಜಮಾನ್ರೇ, ಇವತ್ತು ಸೋತ್ರೆ ಮುಂದಿನ ಶನಿವಾರ ನಿಮ್ಮ ಜಾಗಕ್ಕೆ ನಮ್ಮಕ್ಕನ ಮಗ."

"ಹೇಳ್ಬಿಡಪ್ಪಾ, ನಾನು ಸೋಲ್ಲಿ ಅಂತ ಹರಕೆ ಹೊತ್ತಿದ್ದೀಯ ಅಂತ!"

ಎದುರಾಳಿ ನ್ಸೊಫ್ವಾ ಎಂಬ ಎಳೆಯ ಮೇಷ್ಟ್ರು. ತಾನು ಕಾಯಿ ನಡೆಸಿ ಗಡಿಯಾರದ ಗುಂಡಿ ಒತ್ತಿದೊಡನೆ ಎದ್ದು ಹಿತ್ತಿಲ ಕಡೆ ಹೋಗುತ್ತಿದ್ದ. ಮರಳಿ ಬಂದವನು ಗಟ್ಟಿ ನಡೆಯನ್ನೇ ನಡೆಸುತ್ತಿದ್ದ. ಹೊರಗೆ ಯಾರೋ ಹೇಳಿಕೊಡುತ್ತಿದ್ದಾರೆಂಬುದು ಕಸೊಂಡೆಯವರಿಗೆ ಖಚಿತವಾಯಿತು. ಮೂವತ್ತನಾಲ್ಕನೆಯ ನಡೆಗೆ ಅವರದು ಒಂದು ಕಾಲಾಳು ಹೆಚ್ಚು. ಅವರ ಗಡಿಯಾರದಲ್ಲಿ ಉಳಿದದ್ದು ಏಳು ನಿಮಿಷ. ನ್ಸೊಫ್ವಾ ಮತ್ತೆ ಎದ್ದ. ಕಸೊಂಡೆಯವರು ಆನೆಯನ್ನು ಸರಕ್ಕನೆ ಸರಿಸಿ ಬೆಕ್ಕಿನ ಹೆಜ್ಜೆಯಲ್ಲಿ ಹಿಂಬಾಲಿಸಿದರು.

ನೀರಿನ ನಲ್ಲಿಯ ಬಳಿ ಅವನೊಬ್ಬನೇ ಇದ್ದ, ಬೂಟು ಕಳಚಿ, ಒದ್ದೆ ಸಿಮೆಂಟಿನ ಮೇಲೆ ಬರಿಗಾಲಲ್ಲಿ. ಕಸೊಂಡೆಯವರು ಗೋಡೆಯ ಹಿಂದೆ, ಮಾವಿನ ಮರದ ಹಿಂದೆ ಇಣುಕಿದರು.

"ಯಾರನ್ನ ಹುಡುಕ್ತೀರಿ, ಅಜ್ಜಾ?"

"ನಿನ್ನ ಗುರುವನ್ನ. ಎಲ್ಲಿ ಬಚ್ಚಿಟ್ಟಿದ್ದೀಯ?"

"ಗುರುವೂ ಇಲ್ಲ, ಮಣ್ಣೂ ಇಲ್ಲ. ಚಿಕ್ಕಪ್ಪನ ಬೂಟು, ಪ್ರಾಣ ಹಿಂಡ್ತಾ ಇದೆ. ಬೇಕಾದ್ರೆ ನೀವೇ ಹಾಕ್ಕೊಂಡು ನೋಡಿ."

ಕಸೊಂಡೆಯವರು ಬೂಟಿನೊಳಗೂ ಕೈಯಾಡಿಸಿ ನೋಡಿದರು. ಏನೂ ಇರಲಿಲ್ಲ.

ಒಳಗೆ ಬಂದಾಗ ಮಣೆಯ ಸುತ್ತ ತಮ್ಮ ತಂಡದವರೆಲ್ಲ ಮೂಗರಂತೆ ನಿಂತಿದ್ದರು. ಆನೆ ಸರಿಸಿದವರು, ಎದುರಾಳಿಯ ಸಮಯ ಓಡಲು ಒತ್ತಬೇಕಾದ ಗಡಿಯಾರದ ಗುಂಡಿ ಒತ್ತಿರಲಿಲ್ಲ. ಅವರದೇ ಸಮಯ ಓಡಿ ಮುಗಿದು, ಗಡಿಯಾರದಲ್ಲಿ ಸೋಲು ಸಾರುವ ಕೆಂಪು ಬಾವುಟ ಬಿದ್ದಿತ್ತು.

"ಕಣ್ಣಾರೆ ನೋಡ್ತಾ ನಿಂತಿದ್ರಲ್ಲ! ಒಬ್ಬರಾದ್ರೂ ಕೂಗಬಾರ್ದಿತ್ತಾ?"

"ಆಡೋರಿಗೆ ಗಡಿಯಾರದ ಸುದ್ದಿ ಹೇಳೋ ಹಾಗಿಲ್ಲ, ಯಜಮಾನ್ರೇ," ಎಂದ ಮುಟಾಲೆ. "ಈ ನಿಯಮ ನನಗೆ ಕಲಿಸಿದ್ದು ನೀವೇ."

ನಿಯಮ ನಿಜ. ಆದರೆ ಮುಟಾಲೆಯ ಮುಖದಲ್ಲಿ ದುಃಖದ ಲವಲೇಶವನ್ನೂ ಅವರು ಕಾಣಲಿಲ್ಲ. ಸೋಲಿನ ಹಾಳೆಗೆ ತಾರೀಖು ಹಾಕಿ ರುಜು ಮಾಡಿದರು.

ಆಗಸ್ಟ್ 29ರಂದು ನಾಲ್ಕನೆಯ ಮಣೆಗೆ ಅಕ್ಕನ ಮಗ ಕುಳಿತ. ಕಸೊಂಡೆಯವರು ಎಲ್ಲರಿಗಿಂತ ಮೊದಲೇ ಬಂದು ನೋಡುಗರ ಬೆಂಚು ಹಿಡಿದಿದ್ದರು. ಆಟದತ್ತ ಅವರ ಕಣ್ಣು ಹೊರಳಲಿಲ್ಲ. ಗಡಿಯಾರದ ಸುದ್ದಿ ಹೊರಬೀಳುತ್ತದೇನೋ ಎಂದು ನಾಲ್ಕು ಗಂಟೆಯೂ ಮುಟಾಲೆಯ ತುಟಿಗಳನ್ನೇ ಕಾಯುತ್ತಿದ್ದರು.